ವಾಫಲ್ ಕಾವಲಿ ಮತ್ತು ಕಡಲಿನ ಮಟ್ಟ

ಗುನ್ವೋರ್ ಹೌಗ್ಲಾಂಡ್ ಅವರ ಕುರಿತು ಬರೆಯಲು ನನಗಿಂತ ತಕ್ಕವರಿದ್ದಾರೆ. ಸಂಜೆ ತರಗತಿಯಲ್ಲಿ ಕಲಿತ ಸಹಾಯಕನೊಬ್ಬ ಈ ಅಭಿನಂದನ ಸಂಪುಟಕ್ಕೆ ಕೈಹಚ್ಚಿದ್ದನ್ನು ಹಿರಿಯರು ಮನ್ನಿಸಬೇಕು. ನಾರ್ವೆಯ ಪಶ್ಚಿಮ ಕರಾವಳಿಯಲ್ಲಿ ಕಡಲಿನ ಏರಿಳಿತ ಅಳೆಯುವವರ ನಡುವೆ ಅವರದು ಗೌರವದ ಹೆಸರು. ನಮ್ಮ ಬಂದರಿನ ಅಳತೆ ಕೇಂದ್ರದ ದಾಖಲೆಯನ್ನು ಇಂದು ಜನ ನಂಬುತ್ತಾರಾದರೆ ಅದಕ್ಕೆ ಅವರೇ ಕಾರಣ.

ಅವರು ಮುಖ್ಯಸ್ಥರಾಗಿ ಬಂದಾಗ ಇಲ್ಲಿದ್ದದ್ದು ಒಂದು ಮುದಿ ಕಂಪ್ಯೂಟರು. ನೀರಿನ ಮಟ್ಟ ಅಳೆಯುವ ಉಪಕರಣ ತಂತಿಯ ಮೂಲಕ ಅಂಕೆಗಳ ಒಂದೊಂದೇ ಸಾಲು ಕಳಿಸುತ್ತಿತ್ತು. ಕಂಪ್ಯೂಟರು ಅವನ್ನೆಲ್ಲ ನೆನಪಿನಲ್ಲಿ ಕೂಡಿಟ್ಟು ಸಂಜೆಗೊಮ್ಮೆ ಡಿಸ್ಕಿಗೆ ಬರೆಯುತ್ತಿತ್ತು. ಶುಕ್ರವಾರ ನಮ್ಮ ಸಹೋದ್ಯೋಗಿ ಓದ್ವಾರ್ ಹೀಟರಿನ ಜೊತೆಗೆ ಕರೆಂಟಿನ ವಾಫಲ್ ಕಾವಲಿಯನ್ನೂ ಹಚ್ಚಿದನೆಂದರೆ ಫ್ಯೂಸ್ ಹಾರಿ, ಬೆಳಗಿನಿಂದ ಕೂಡಿಟ್ಟ ಕಡಲೆಲ್ಲ ಮಾಯ.

"ಕಡಲನ್ನೇ ಹುರಿದುಬಿಟ್ಯಲ್ಲ ಮಾರಾಯ!" ಎಂದರು ಗುನ್ವೋರ್.

"ಹಾಗಾದ್ರೆ ವಾಫಲ್ ನಿಲ್ಲಿಸ್ಲಾ ಮೇಡಂ?"

"ನಿಲ್ಲಿಸಿದ್ರೆ ನಾನೇ ಕೆಲಸ ಬಿಡ್ತೀನಿ. ಬಂದ ಸಾಲನ್ನ ಬಂದ ಕೂಡ್ಲೇ ಬರೆಸಿದ್ರಾಯ್ತು."

ಬರೆಸಿದಾಗ ಹೊಸ ತೊಡಕು. ಡಿಸ್ಕಿಗೆ ಬರೆಯುವಷ್ಟು ಹೊತ್ತು ಆ ಯಂತ್ರಕ್ಕೆ ಕಿವಿ ಕೇಳಿಸದು. ಆಗ ಬಂದ ಅಂಕೆಗಳು ಉದುರಿಹೋಗುತ್ತಿದ್ದವು. ಉಪಕರಣಕ್ಕೆ 'ತುಸು ತಡಿ' ಎಂದು ಹೇಳುವ ಎಳೆಯೇ ನಮ್ಮ ತಂತಿಯಲ್ಲಿರಲಿಲ್ಲ. ಅದನ್ನು ಬೆಸೆಯುವ ಕೆಲಸವನ್ನು ಅವರು ನನಗೆ ಕೊಟ್ಟರು. ನಾನು ಬೆಸುಗೆ ಕಡ್ಡಿ ಹಿಡಿದು ಹಿಂದೆಮುಂದೆ ನೋಡುವುದನ್ನು ಕಂಡು, "ಸುಟ್ಟುಹೋದ್ರೆ ಇನ್ನೊಂದು ತಂತಿ ಇದೆ. ನಿನ್ನಂಥವ್ನು ಒಬ್ನೇ ಇರೋದು, ಮೊದ್ಲು ಕೈ ಜೋಪಾನ," ಎಂದರು. ನನ್ನನ್ನು ಸಂಜೆ ತರಗತಿಗೆ ಸೇರಿಸಿ, ಆ ದಿನಗಳಲ್ಲಿ ನನ್ನ ಪಾಳಿಯನ್ನೂ ಹೊತ್ತವರು ಅವರು.

ಮುಂದಿನ ಚಳಿಗಾಲದ ಬಿರುಗಾಳಿಗೆ ಕಡಲು ಹಡಗು ನಿಲ್ಲುವ ಧಕ್ಕೆಯ ಮೇಲೇರಿತು. ಬಂದರಿನವರು ಕಟ್ಟಲಿದ್ದ ಹೊಸ ತಡೆಗೋಡೆಯ ಎತ್ತರ ಆ ದಿನದ ದಾಖಲೆಯಿಂದಲೇ ತೀರ್ಮಾನವಾಗಬೇಕಿತ್ತು. ಅಂದು ಶುಕ್ರವಾರ, ಗಾಳಿ ಎಷ್ಟೇ ಬೀಸಲಿ, ಓದ್ವಾರ್ ಹಿಟ್ಟು ಕಲಸಿಯಾಗಿತ್ತು. ಫ್ಯೂಸ್ ಹಾರಿತು. ಕಂಪ್ಯೂಟರು ಮತ್ತೆ ಎದ್ದಾಗ ನೋಡಿದರೆ, ಕರೆಂಟು ಹೋಗುವ ಗಳಿಗೆಯವರೆಗಿನ ಸಾಲುಗಳೆಲ್ಲ ಡಿಸ್ಕಿನಲ್ಲಿ ಭದ್ರವಾಗಿದ್ದವು!

"ಮಿಕ್ಕ ಹಿಟ್ಟನ್ನೂ ಹುಯ್ಯೋ!" ಎಂದು ಗುನ್ವೋರ್ ಕೂಗಿದರು.

"ಫ್ಯೂಸು?"

"ಈ ಸಲ ಹೀಟರ್ ಆರಿಸೋ, ಪುಣ್ಯಾತ್ಮ!"

ಕೋಟು ತೊಟ್ಟೇ ಕಂದು ಚೀಸ್ ಹಚ್ಚಿದ ವಾಫಲ್ ತಿಂದೆವು. ಅಷ್ಟು ರುಚಿ ಮತ್ತೆ ಕಂಡಿಲ್ಲ.

ಯಂತ್ರ ಏಳುವವರೆಗಿನ ಖಾಲಿ ಜಾಗವನ್ನು ಅಂದಾಜಿನಿಂದ ತುಂಬೋಣವೆಂದು ಬಂದರಿನವರು ಕೇಳಿದಾಗ, "ನೋಡದ್ದನ್ನ ಬರೀಬಾರ್ದು," ಎಂದು ಅವರು ಒಪ್ಪಲಿಲ್ಲ. ಆ ಖಾಲಿಯಲ್ಲಿ ಕಡಲು ಇನ್ನೂ ಏರಿದ್ದಿರಬಹುದೆಂದೇ ಗೋಡೆಯನ್ನು ತುಸು ಎತ್ತರಿಸಲಾಯಿತು; ಇಂದಿಗೂ ಅದು ಊರನ್ನು ಕಾಯುತ್ತಿದೆ.

ಗುನ್ವೋರ್ ಅವರು ನೂರು ಕಾಲ ಬಾಳಲಿ, ನಿವೃತ್ತಿಯ ನಂತರವೂ ಶುಕ್ರವಾರಗಳಂದು ತಪ್ಪದೆ ನಮ್ಮಲ್ಲಿಗೆ ಬಂದು ನಮ್ಮ ಕೆಲಸ ತಿದ್ದಲಿ. ಬಿರುಗಾಳಿಯ ದಿನ ಯಂತ್ರ ಆರಿಹೋಗಿದ್ದ ಆ ಕೆಲವು ನಿಮಿಷಗಳಲ್ಲಿ ಕಡಲು ಎಲ್ಲಿಯವರೆಗೆ ಏರಿತ್ತೋ, ನಮಗೆ ಗೊತ್ತಿಲ್ಲ.