ತಾಮ್ರ ಕೂತ ಗಾಜು

ಗಾಜಿನ ಬಿಲ್ಲೆಯ ಅಂಚಿನಲ್ಲಿ ಎರಡು ಮಿಲಿಮೀಟರ್ ಅಗಲದ ಉಂಗುರವೊಂದು ಮಾತ್ರ ಶುಭ್ರವಾಗಿದೆ. ಅದರೊಳಗೆಲ್ಲ ತಾಮ್ರದ ಬಣ್ಣದ ಮಸುಕು. ಮೊನ್ನೆ ಸಂಜೆ ಚನ್ನಪಟ್ಟಣದ ಮನೆಯಲ್ಲಿ ಹಳೆಯ ಕಾಗದಗಳನ್ನು ಹುಡುಕುತ್ತಿದ್ದಾಗ ಇದು ಸಿಕ್ಕಿತು. ಕೈಗೆತ್ತಿಕೊಂಡೊಡನೆ ನನ್ನ ಮೇಷ್ಟ್ರು ನೆನಪಾದರು...

ಅವರು ನನ್ನ ಪಿಎಚ್.ಡಿ. ಮಾರ್ಗದರ್ಶಕರು. ಕೋಡಿಹಳ್ಳಿಯ ರೈತರ ಮನೆಯಿಂದ ಬಂದು, ಲೇಸರ್ ಮತ್ತು ಪ್ಲಾಸ್ಮಾದ ಅಧ್ಯಯನದಲ್ಲೇ ಮೂವತ್ತು ವರ್ಷ ಕಳೆದವರು. ನಮ್ಮ ಕೆಲಸ ಹೇಳಲು ಸುಲಭ. ಗಾಳಿ ತೆಗೆದ ಉಕ್ಕಿನ ಡಬ್ಬದೊಳಗೆ ತಾಮ್ರದ ತಗಡಿಗೆ ಲೇಸರ್ ಹೊಡೆಯುವುದು. ತಾಮ್ರ ಕಾದು ಪ್ಲಾಸ್ಮಾ, ಅಂದರೆ ವಿದ್ಯುತ್ ಕಣಗಳ ಆವಿ, ಆದಾಗ ಹೊರಡುವ ಎಕ್ಸ್-ಕಿರಣಗಳನ್ನು ಅಳೆಯುವುದು. ಡಬ್ಬ ಒಮ್ಮೆ ತೆರೆದರೆ ಮತ್ತೆ ಗಾಳಿ ತೆಗೆಯಲು ಅರ್ಧ ದಿನ ಬೇಕು. ಅದಕ್ಕೇ ಶನಿವಾರ ಬಿಟ್ಟು ಬೇರೆ ದಿನ ತೆರೆಯಬಾರದೆಂಬುದು ಅವರ ಕಟ್ಟಳೆ.

ಬೆಂಗಳೂರಿನ ಲ್ಯಾಬಿಗೆ ಇಬ್ಬರೂ ಒಂದೇ ರೈಲಿನಲ್ಲಿ ಹೋಗುತ್ತಿದ್ದೆವು. ನಾನು ಚನ್ನಪಟ್ಟಣದಲ್ಲಿ ಹತ್ತುತ್ತಿದ್ದೆ. ಅವರು ರಾಮನಗರದಲ್ಲಿ, ರೇಷ್ಮೆ ಗೂಡಿನಿಂದ ನೂಲು ತೆಗೆಯುವ ರೀಲರ್ ಆಗಿದ್ದ ಬಾಲ್ಯದ ಗೆಳೆಯರೊಬ್ಬರ ಜೊತೆ. ಲ್ಯಾಬಿನಲ್ಲಿ ಅಳೆದು ತೂಗಿ ಮಾತಾಡುವ ಮೇಷ್ಟ್ರು ರೈಲಿನಲ್ಲಿ ಬೇರೆಯೇ ಆಗಿಬಿಡುತ್ತಿದ್ದರು.

“ಇವತ್ತೆಷ್ಟು ತಗಡು ತೂತ ಮಾಡೀಯ್ಲಾ?” ಎಂದು ರೀಲರ್ ಕೇಳುವರು.

“ನೀನೆಷ್ಟು ಗೂಡು ಬೇಯಿಸ್ತೀಯೋ ಅಷ್ಟು ಕಣ್ಲಾ.”

ತಗಡು ಬಿಸಿಯಾಗಿದ್ದಷ್ಟೂ ಎಕ್ಸ್-ಕಿರಣ ಕಡಿಮೆ ಎಂದು ನಾನು ಕಂಡುಕೊಂಡಿದ್ದೆ. ಸೋಮವಾರ ತಣ್ಣನೆಯ ತಗಡಿನಿಂದ ಶುರುಮಾಡಿ, ದಿನದಿನಕ್ಕೆ ಬಿಸಿ ಏರಿಸಿ, ಶುಕ್ರವಾರ ಮುಗಿಸುತ್ತಿದ್ದೆ. ನಮ್ಮಿಬ್ಬರ ಹೆಸರಿನಲ್ಲಿ ವಿಜ್ಞಾನ ಪತ್ರಿಕೆಯೊಂದರಲ್ಲಿ ಲೇಖನ ಪ್ರಕಟವಾಯಿತು. ನಿವೃತ್ತಿಗೆ ಮುಂಚೆ ಅವರ ಕೊನೆಯ ಲೇಖನ ಅದು; ನನ್ನ ಪ್ರಬಂಧ ನಿಂತಿದ್ದೂ ಅದರ ಮೇಲೆಯೇ.

ಎರಡು ವಾರದ ನಂತರದ ಶನಿವಾರ ಟೆಕ್ನಿಷಿಯನ್ ರಜೆಯಲ್ಲಿದ್ದರು. ಲೇಸರಿನ ಲೆನ್ಸಿಗೆ ರಕ್ಷಣೆಯಾಗಿ ಡಬ್ಬದೊಳಗೆ ಇಡುವ, ಪ್ರತಿ ಶನಿವಾರ ಅವರು ಬದಲಿಸುತ್ತಿದ್ದ ಗಾಜನ್ನು ಮೊದಲ ಸಲ ನಾನೇ ಬದಲಿಸಿದೆ. ತೆಗೆದ ಗಾಜನ್ನು ಕಿಟಕಿಗೆ ಹಿಡಿದೆ. ಆಚೆಯ ಮರ ಸರಿಯಾಗಿ ಕಾಣಲಿಲ್ಲ. ಪ್ರತಿ ಹೊಡೆತಕ್ಕೂ ತಾಮ್ರದ ಆವಿ ಬಂದು ಗಾಜಿಗೆ ಕೂತಿತ್ತು. ಶುಕ್ರವಾರದ ಹೊತ್ತಿಗೆ ಲೇಸರ್ ಪೂರ್ತಿಯಾಗಿ ತಗಡನ್ನು ತಲುಪುತ್ತಲೇ ಇರಲಿಲ್ಲ. ಎಕ್ಸ್-ಕಿರಣ ಕಡಿಮೆಯಾದದ್ದು ಬಿಸಿಯಿಂದಲ್ಲ; ತಿಂಗಳುಗಟ್ಟಲೆ ನಾನು ಅಳೆದದ್ದು ಗಾಜಿನ ಕೊಳೆಯನ್ನು.

ಗಾಜನ್ನು ಮನೆಗೆ ತಂದು, ಭಾನುವಾರವೆಲ್ಲ ಹಳೆಯ ಅಳತೆಗಳನ್ನು ಮತ್ತೆ ನೋಡಿದೆ. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ ಎಂಬ ಯೋಚನೆಯೂ ಬಂದು ಹೋಯಿತು...

ಸೋಮವಾರ ಅವರು ರೈಲು ಹತ್ತಿ ಕೂತೊಡನೆ ಎಲ್ಲ ಹೇಳಿದೆ. ಹೇಳಿ ಮುಗಿಸುವಾಗ ಬಿಡದಿ ಬಂದಿತ್ತು. ಅವರು ನನ್ನ ಕಡೆ ತಿರುಗಿದರು.

“ಡಬ್ಬ ತೆಗೀಬ್ಯಾಡ ಅಂದೋನು ಯಾರವ್ವಾ?”

“ನೀವು, ಸರ್.”

“ಮತ್ತೆ? ತಪ್ಪು ನಂದೂ ಐತೆ. ನೀನೊಬ್ಳೇ ಹೊತ್ಕೊಂಡು ತಿರುಗ್ಬ್ಯಾಡ. ಲೇಖನ ವಾಪಸ್ ತಗೊಂಬುಡೋಣ.”

ನಿಮ್ಮ ಕೊನೆಯ ಲೇಖನವಲ್ಲವೇ ಎಂದು ಮೆಲ್ಲನೆ ಕೇಳಿದೆ.

“ಅದುನ್ನ ಇಟ್ಕೊಂಡು ಮನೇಲಿ ಕೂತ್ರೆ ನಂಗೆ ನಿದ್ದೆ ಬಂದಾತಾ?”

ಎದುರು ಕೂತಿದ್ದ ರೀಲರ್ ಅಷ್ಟು ಹೊತ್ತೂ ಕೇಳಿಸಿಕೊಂಡಿದ್ದರು. “ಅಲ್ಲ ಕಣ್ಲಾ, ಇಷ್ಟೆಲ್ಲ ಓದಿ ಒಂದು ಗಾಜು ಒರೆಸಾಕೆ ಬರಾಕಿಲ್ವಾ ನಿಮ್ಗೆ?” ಎಂದರು. ಮೇಷ್ಟ್ರು ನಕ್ಕರು. ಎರಡು ದಿನದ ಮೇಲೆ ಮೊದಲ ಸಲ ನಾನೂ ನಕ್ಕೆ.

ಅಂದು ಮಧ್ಯಾಹ್ನವೇ ಪತ್ರಿಕೆಗೆ ಬರೆದೆವು. ದಿನವೂ ಡಬ್ಬ ತೆರೆದು, ಗಾಜು ಬದಲಿಸಿ, ಎಲ್ಲವನ್ನೂ ಮತ್ತೆ ಅಳೆದೆ. ಬಿಸಿಗೂ ಎಕ್ಸ್-ಕಿರಣಕ್ಕೂ ಸಂಬಂಧವೇ ಕಾಣಲಿಲ್ಲ; ಗ್ರಾಫಿನ ಗೆರೆ ಏರದೆ ಇಳಿಯದೆ ಮಲಗಿತ್ತು. ನನ್ನ ಪ್ರಬಂಧ ಒಂದು ವರ್ಷ ತಡವಾಯಿತು. ಆ ವರ್ಷ ನಾನು ಚೆನ್ನಾಗಿ ನಿದ್ದೆ ಮಾಡಿದೆ. ಅಷ್ಟರೊಳಗೆ ಮೇಷ್ಟ್ರು ನಿವೃತ್ತರಾಗಿದ್ದರು.

ಹೋದ ವರ್ಷ ಅವರು ತೀರಿಕೊಂಡರು. ಫೋನ್ ಮಾಡಿ ತಿಳಿಸಿದವರು ರೀಲರ್. ಈಗಲೂ ಅಳತೆಯಲ್ಲಿ ಏನಾದರೂ ಅನುಮಾನ ಬಂದರೆ, ಯಾರಿಗೆ ಹೇಳಲಿ ಎಂದು ಒಂದು ಕ್ಷಣ ತೋಚುವುದಿಲ್ಲ...

ಮೊನ್ನೆ ನಾನು ಹುಡುಕುತ್ತಿದ್ದುದು ಕಾಯಂ ಹುದ್ದೆಯ ಅರ್ಜಿಗೆ ಬೇಕಾದ ಕಾಗದಗಳನ್ನು. ಪ್ರಕಟಣೆಗಳ ಪಟ್ಟಿಯಲ್ಲಿ ಆ ಲೇಖನವನ್ನು ಇಷ್ಟು ವರ್ಷ ನಾನು ಸೇರಿಸಿರಲಿಲ್ಲ. ಮರುದಿನ ಬೆಳಿಗ್ಗೆ ಅದನ್ನು ಮೊದಲ ಸಾಲಿನಲ್ಲಿ ಬರೆದೆ. ನನ್ನ ಹೆಸರು, ಪಕ್ಕದಲ್ಲಿ ಅವರ ಹೆಸರು, ಕೊನೆಗೆ ‘ಲೇಖಕರೇ ಹಿಂತೆಗೆದುಕೊಂಡಿದ್ದಾರೆ’ ಎಂದು ಸೇರಿಸಿ, ಅರ್ಜಿ ಕಳುಹಿಸಿದೆ.