ಪೇಪರಿನ ಕಟ್ಟು ಹಿಡಿದು ಓಡಿದ ಮುಂಜಾನೆ

ಸಿಂದಗಿಯ ನಮ್ಮ ಬಾಡಿಗೆ ಮನೆಗೆ ಬೆಂಕಿ ಹತ್ತಿದಾಗ ನಾನು ಹೆಂಡತಿಯನ್ನು ಒಳಗೇ ಬಿಟ್ಟು ಓಡಿಬಂದೆ. ಸುತ್ತಿಬಳಸಿ ಹೇಳಲು ಹೋದರೆ ಇದು ಬಾಯಿಂದ ಬರುವುದೇ ಇಲ್ಲ, ಅದಕ್ಕೇ ಮೊದಲು ಹೇಳಿಬಿಟ್ಟೆ.

ನಾನು ದೇವರ ಹಿಪ್ಪರಗಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವ ಮಾಸ್ತರ. ದಿನಾ ಬಸ್ಸಿಗೆ ಹೋಗಿ ಬರುತ್ತೇನೆ. ಹೆಂಡತಿ ಮನೆಯಲ್ಲೇ ಜಂಪರ್, ಅಂದರೆ ರವಿಕೆ ಹೊಲಿಯುತ್ತಾಳೆ. ಮುಂದಿನ ಕೋಣೆ ಪೂರಾ ಅವಳ ಕೆಲಸದ್ದು: ಹೊಲಿಗೆ ಮಷಿನ್ನು, ಇಸ್ತ್ರಿ, ಹಗ್ಗಕ್ಕೆ ತೂಗುಹಾಕಿದ ಜಂಪರುಗಳು, ಮೂಲೆಯಲ್ಲಿ ಬಟ್ಟೆಯ ಚೂರುಗಳ ಗುಡ್ಡೆ. ಆ ಕೋಣೆಗೆ ಇದ್ದದ್ದು ಒಂದೇ ಪ್ಲಗ್ಗು. ಅದರಿಂದ ಎಕ್ಸ್‌ಟೆನ್ಷನ್ ಬೋರ್ಡು ಎಳೆದು ಮಷಿನ್ನಿನ ಮೋಟಾರು, ಇಸ್ತ್ರಿ, ಕೂಲರು, ಮೊಬೈಲು ಎಲ್ಲವನ್ನೂ ಸಿಕ್ಕಿಸಿದವನು ನಾನೇ. ವೈರು ಬಿಸಿಯಾಗುತ್ತಿದೆ ಎಂದು ಅವಳು ಎರಡು ಸಲ ಹೇಳಿದ್ದಳು. ರವಿವಾರ ನೋಡಿದರಾಯಿತು ಅಂದಿದ್ದೆ. ಅಂಥ ರವಿವಾರ ಎಷ್ಟೋ ಬಂದು ಹೋದವು.

ಬೇಸಿಗೆ ಶುರುವಾಗಿತ್ತು. ಆ ಮುಂಜಾನೆ ಅವಳು ಹಿಂದಿನ ಬಚ್ಚಲಿನಲ್ಲಿ ಜಳಕಕ್ಕೆ ಹೋಗಿದ್ದಳು. ನಾನು ಮುಂದಿನ ಕೋಣೆಯಲ್ಲಿ ಕೂಲರಿನ ಗಾಳಿಗೆ ಕೂತು ಹತ್ತನೆಯ ತರಗತಿಯ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಸುಟ್ಟ ವಾಸನೆ ಬಂತು. ಓಣಿಯಲ್ಲಿ ಯಾರೋ ಕಸ ಸುಡುತ್ತಿರಬೇಕು ಎಂದುಕೊಂಡು ಇನ್ನೊಂದು ಪೇಪರು ಕೈಗೆತ್ತಿಕೊಂಡೆ. ಅದರ ಅರ್ಧಕ್ಕೆ ಬರುವಷ್ಟರಲ್ಲಿ, ಬೋರ್ಡಿನ ವೈರಿನ ಮೇಲೆ ಬಿದ್ದಿದ್ದ ಚೂರುಗಳ ಗುಡ್ಡೆಯ ಒಳಗಿಂದ ಹೊಗೆ ಎದ್ದಿತು, ಹಿಂದೆಯೇ ಉರಿ. ನೋಡನೋಡುತ್ತ ಅದು ಹಗ್ಗದ ಮೇಲಿನ ಜಂಪರುಗಳಿಗೆ ಹತ್ತಿತು.

ಆಮೇಲಿನದು ನನಗೆ ನೆನಪಿರುವುದು ಹೊರಗಿನ ಕಟ್ಟೆಯಿಂದ. ಪೇಪರಿನ ಕಟ್ಟನ್ನು ಎದೆಗವಚಿಕೊಂಡು ಬರಿಗಾಲಲ್ಲಿ ನಿಂತಿದ್ದೆ.

ಪಕ್ಕದ ಮನೆಯ ಕಾಕಾ ಓಡಿ ಬಂದರು. ಅವರದು ಹಿಟ್ಟಿನ ಗಿರಣಿ, ಮೋಟಾರು ಸುಡುವುದನ್ನು ಕಂಡವರು. ಮೇನ್ ಸ್ವಿಚ್ ಎಲ್ಲಿ ಎಂದು ಕೇಳಿದರು. ನನಗೆ ಹೇಳಲು ಬರಲಿಲ್ಲ. ಅದು ಬಾಗಿಲ ಪಕ್ಕದ ಗೋಡೆಯಲ್ಲೇ, ನನ್ನ ಕೈಗೆ ಎಟಕುವಷ್ಟು ಹತ್ತಿರ ಇತ್ತು. ಅವರೇ ನೋಡಿ ಕೆಳಗೆ ಎಳೆದರು. ಆಮೇಲೆ ನನ್ನ ಕಡೆ ತಿರುಗಿದರು.

“ಮಾಸ್ತರ, ಒಳಗ ಯಾರದಾರ?”

ಆಗ ಅವಳು ನೆನಪಾದಳು.

ನಾನು ಹೊಸ್ತಿಲು ದಾಟುವ ಮೊದಲೇ ಅವಳು ಹೊಗೆಯೊಳಗಿಂದ ಬಕೆಟ್ಟು ಹಿಡಿದುಕೊಂಡು ಬಂದಳು. ಕೂದಲಿಂದ ನೀರು ಸುರಿಯುತ್ತಿತ್ತು, ಸೀರೆಯನ್ನು ಹೇಗೋ ಸುತ್ತಿಕೊಂಡಿದ್ದಳು. ಕಾಕಾ ಬಕೆಟ್ಟು ಕಸಿದುಕೊಂಡು ಉರಿಯ ಮೇಲೆ ಸುರಿದರು. ಇನ್ನೂ ನಾಲ್ಕು ಬಕೆಟ್ಟಿಗೆ ಬೆಂಕಿ ಆರಿತು. ಗೋಡೆ ಕರ್ರಗಾಗಿತ್ತು, ಕೂಲರು ಒಂದು ಮಗ್ಗುಲಿಗೆ ಕರಗಿತ್ತು. ಅವಳು ಕಟ್ಟೆಯ ಮೇಲೆ ಕೂತು ಬಹಳ ಹೊತ್ತು ಕೆಮ್ಮಿದಳು.

“ನೀವು ಎಲ್ಲಿದ್ರಿ?” ಎಂದು ಕೇಳಿದಳು.

“ಇಲ್ಲೇ ಇದ್ದೆ.”

ನನ್ನ ಕೈಯಲ್ಲಿದ್ದ ಕಟ್ಟನ್ನು ನೋಡಿದಳು. ಎದ್ದು ಒಳಗೆ ಹೋಗಿ ನೆಲ ಬಳಿಯತೊಡಗಿದಳು.

ಸುಟ್ಟ ಜಂಪರುಗಳಲ್ಲಿ ಆಲಮೇಲ ಊರಿನವರೊಬ್ಬರ ಮಗಳ ಲಗ್ನದ್ದೂ ಇತ್ತು. ಅವಳು ಒಬ್ಬಳೇ ಹೋಗಿ ಹೇಳಿ ಬಂದಳು. ನಾನೂ ಬರುತ್ತೇನೆ ಅಂದದ್ದಕ್ಕೆ ಬೇಡ ಎಂದಳು. ಆ ಮುಂಜಾನೆಯ ಮಾತನ್ನು ಮಾತ್ರ ಮತ್ತೆ ಎತ್ತಲಿಲ್ಲ. ಎತ್ತಿ ಬೈದಿದ್ದರೆ ನನಗೆ ಇಷ್ಟು ತಳಮಳ ಆಗುತ್ತಿರಲಿಲ್ಲವೇನೋ.

ವೈರಿಂಗ್ ಮಾಡುವವನನ್ನು ಕರೆಸಿದೆ. ಅವನು ಸುಟ್ಟ ಬೋರ್ಡನ್ನು ಹೊರಳಿಸಿ ನೋಡಿ, “ಒಂದ ಎತ್ತಿಗೆ ನಾಕ ಬಂಡಿ ಹೂಡೀರಿ, ಸರ” ಅಂದ. ಪ್ರತಿಯೊಂದಕ್ಕೂ ಬೇರೆ ಪ್ಲಗ್ಗು ಕೂಡಿಸಿದ. ಕರೆಂಟು ಸೋರಿದರೆ ತಾನಾಗಿ ಬಂದಾಗುವ ಸ್ವಿಚ್ಚು ಹಾಕಿದ. ವಿಜಯಪುರಕ್ಕೆ ಹೋಗಿ ಬೆಂಕಿ ಆರಿಸುವ ಕೆಂಪು ಸಿಲಿಂಡರು ತಂದು ಬಾಗಿಲ ಹತ್ತಿರ ತೂಗುಹಾಕಿದೆ. ಚೂರುಗಳನ್ನು ಹಾಕಿಡಲು ಮುಚ್ಚಳದ ಡಬ್ಬಿ ತಂದೆ. ಇಷ್ಟಾದರೂ ಮನಸ್ಸು ಒಂದು ಕಡೆ ನಿಲ್ಲಲಿಲ್ಲ. ಬಸ್ಸು ಹತ್ತಿ ಕೂತ ಮೇಲೆ ಇಸ್ತ್ರಿ ಬಂದ್ ಮಾಡಿದ್ದಳೋ ಇಲ್ಲವೋ ಎಂದು ಶುರುವಾಗುತ್ತಿತ್ತು. ಫೋನ್ ಮಾಡುತ್ತಿದ್ದೆ. ಅವಳು ಎತ್ತದಿದ್ದರೆ ಮತ್ತೆ ಮತ್ತೆ ಮಾಡುತ್ತಿದ್ದೆ. ಒಂದು ದಿನ ಅರ್ಧ ದಾರಿಯಲ್ಲಿ ಇಳಿದು ಎದುರು ಬಂದ ಟಂಟಂ ಆಟೋ ಹತ್ತಿ ವಾಪಸು ಬಂದೆ. ಅವಳು ಮಷಿನ್ನಿನ ಮುಂದೆ ಕೂತು ಗುಂಡಿ ಹಚ್ಚುತ್ತಿದ್ದಳು. ನನ್ನನ್ನು ನೋಡಿ ಸಾಲಿ ಸೂಟಿ ಏನು ಎಂದು ಕೇಳಿದಳು. ಹೌದು, ಶಾಲೆಗೆ ರಜೆ ಎಂದು ಸುಳ್ಳು ಹೇಳಿದೆ.

ಒಂದು ಮುಂಜಾನೆ ಅವಳು ರೊಟ್ಟಿ ಬಡಿಯುತ್ತಿದ್ದಾಗ ಗ್ಯಾಸಿನ ವಾಸನೆ ಬಂದಂತಾಗಿ, ರೊಟ್ಟಿ ಹಂಚಿನ ಮೇಲಿರುವಾಗಲೇ ರೆಗ್ಯುಲೇಟರ್ ಬಂದ್ ಮಾಡಿಬಿಟ್ಟೆ. ಅವಳು ಕೈಯ ಹಿಟ್ಟು ಕೊಡವಿಕೊಂಡು ಎದ್ದು ನಿಂತಳು. ದನಿ ಏರಿಸಲಿಲ್ಲ.

“ನೀವು ವೈರ ನೋಡ್ರಿ, ಗ್ಯಾಸ ನೋಡ್ರಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಅವತ್ತ ನನ್ನ ಹೆಸರ ಹಿಡದು ಒಮ್ಮಿ ಕೂಗಿದ್ರ ಸಾಕಾಗಿತ್ತು. ಬಚ್ಚಲದಾಗ ನೀರಿನ ಸಪ್ಪಳಕ್ಕ ನನಗೇನೂ ಕೇಳಿಸಿರಲಿಲ್ಲ, ಹೊಗಿ ಒಳಗ ಬಂದ ಮ್ಯಾಲ ಗೊತ್ತಾತು.”

ತಪ್ಪಾತು ಎಂದೆ. ಆ ಮಾತು ಹೊರಗೆ ಬರಲು ಇಷ್ಟು ದಿನ ಬೇಕಾಯಿತು. ಅವಳು ಗ್ಯಾಸು ಮತ್ತೆ ಹಚ್ಚಿ ರೊಟ್ಟಿ ಹೊಳ್ಳಿಸಿದಳು. ಅದು ಗಟ್ಟಿಯಾಗಿತ್ತು, ನಾನೇ ತಿಂದೆ.

ಆ ವಾರ ತರಗತಿಯಲ್ಲಿ ದಹನದ ಪಾಠ ಬಂತು. ಬೆಂಕಿ ಕಂಡರೆ ಮೊದಲು ಏನು ಮಾಡಬೇಕು ಎಂದು ಒಬ್ಬ ಹುಡುಗಿ ಕೇಳಿದಳು. ಎಷ್ಟೋ ವರ್ಷ ನೀರು, ಮರಳು, ಮೇನ್ ಸ್ವಿಚ್ಚು ಎಂದು ಬರೆಸಿದವನು ನಾನು. ಮೊದಲು ಮನೆಯಲ್ಲಿರುವವರ ಹೆಸರು ಹಿಡಿದು ಕೂಗಬೇಕು, ಉಳಿದದ್ದೆಲ್ಲ ಆಮೇಲೆ ಎಂದೆ. ಹಲಗೆಯ ಕಡೆ ತಿರುಗಿ ಏನೋ ಬರೆದೆ.

ಮುಂದಿನ ರವಿವಾರ ನಾವಿಬ್ಬರೂ ಕೂತು ಮಾತಾಡಿದೆವು. ಬೆಂಕಿ ಕಂಡವರು ಕೂಗಬೇಕು, ಬಾಗಿಲ ಹತ್ತಿರ ಇದ್ದವರು ಮೇನ್ ಬಂದ್ ಮಾಡಬೇಕು, ಇಬ್ಬರೂ ಹೊರಬಿದ್ದು ಎದುರಿನ ಬೇವಿನ ಗಿಡದ ಕೆಳಗೆ ಕೂಡಬೇಕು, ಸಾಮಾನು ಸುಟ್ಟರೆ ಸುಡಲಿ. ಒಮ್ಮೆ ಮಾಡಿ ನೋಡೋಣ ಎಂದು ಅವಳೇ ಅಂದಳು. ಅವಳು ಬಚ್ಚಲಿಗೆ ಹೋಗಿ ನಳ ಬಿಟ್ಟಳು. ನಾನು ಮುಂದಿನ ಕೋಣೆಯಲ್ಲಿ ನಿಂತು ಅವಳ ಹೆಸರು ಕೂಗಿದೆ. ಮದುವೆಯಾಗಿ ಇಷ್ಟು ವರ್ಷವಾದರೂ ಅಷ್ಟು ದೊಡ್ಡ ದನಿಯಲ್ಲಿ ಅವಳ ಹೆಸರು ಕರೆದಿರಲಿಲ್ಲ. ಅವಳಿಗೆ ಕೇಳಿಸಲೇ ಇಲ್ಲ. ಎರಡನೆಯ ಸಲ ಇನ್ನೂ ಜೋರಾಗಿ ಕೂಗಿದ್ದಕ್ಕೆ ಕಾಕಾ ಗಿರಣಿ ಬಿಟ್ಟು ಓಡಿ ಬಂದರು. ಅವಳು ಸೆರಗು ಬಾಯಿಗಿಟ್ಟುಕೊಂಡು ನಗುತ್ತ ಗಿಡದ ಕಡೆ ನಡೆದಳು. ಕಾಕಾಗೆ ಎಲ್ಲ ವಿವರಿಸಿ ಹೇಳಬೇಕಾಯಿತು. ಅವರು ನಗಲಿಲ್ಲ. ತಮ್ಮ ಮನೆಯಲ್ಲೂ ಒಮ್ಮೆ ಮಾಡಿಸುತ್ತೇನೆ ಎಂದು ಹೋದರು.

ಬಸ್ಸಿನಲ್ಲಿ ಆ ತಳಮಳ ಈಗಲೂ ಏಳುತ್ತದೆ. ಫೋನ್ ಮಾಡುತ್ತೇನೆ. ಎತ್ತಿದ ತಕ್ಷಣ, ನಾನು ಕೇಳುವ ಮೊದಲೇ, “ಇಸ್ತ್ರಿ ಬಂದ್ ಮಾಡೇನ್ರಿ” ಅನ್ನುತ್ತಾಳೆ.