ಒಲೆಯ ಮೇಲೆ ಇಟ್ಟ ಚಿತ್ರಗಳು

ಈ ಊರಿಗೆ ಬಂದ ನಾಲ್ಕನೆಯ ದಿನ ಬೆಳಿಗ್ಗೆ ನನ್ನ ಚಪ್ಪಲಿಗೆ ಕೂದಲು ಬಂದಿತ್ತು. ಬಿಳಿಗೆ ಹಸಿರು ಬೆರೆತ, ಬೆಕ್ಕಿನ ಮರಿಯ ಮೈಯಂಥ ಮೆತ್ತನೆಯ ಕೂದಲು. ಮುಟ್ಟಿ ನೋಡಿ ಕಿರುಚಿಬಿಟ್ಟೆ. ಮನೆಯ ಒಡತಿ ಪುಟ್ಟಮ್ಮ ಹಿಟ್ಟಿನ ಕೈಯಲ್ಲೇ ಓಡಿ ಬಂದರು.

"ಅಯ್ಯೋ, ಬೂಷ್ಟು ಮಾರಾಯ್ತಿ ಅದು! ನಾನೆಲ್ಲೋ ಹಾವು ಬಂತು ಅಂದ್ಕೊಂಡೆ. ಮಳೆಗಾಲದಲ್ಲಿ ಸುಮ್ನೆ ಕೂತ್ರೆ ಇಲ್ಲಿ ಮನುಷ್ಯರಿಗೂ ಬರುತ್ತೆ. ಕೊಡಿ ಇಲ್ಲಿ, ಅಟ್ಟಕ್ಕೆ ಹಾಕ್ತೀನಿ."

ಬಯಲುಸೀಮೆಯ ರೋಣದ ಕಡೆಯ ನನ್ನ ಜನರೇ, ಇದನ್ನು ನಿಮಗೆ ಹೇಗೆ ತಿಳಿಸಲಿ? ನಮ್ಮಲ್ಲಿ ವಸ್ತುಗಳು ಒಣಗಿ, ಬಿರುಕು ಬಿಟ್ಟು, ಧೂಳಾಗಿ ಹಾಳಾಗುತ್ತವೆ. ಇಲ್ಲಿ ಅವಕ್ಕೆ ಜೀವ ಬಂದು ಹಾಳಾಗುತ್ತವೆ. ಜೂನ್ ತಿಂಗಳಿಂದ ಬಾಗಿಲು ಉಬ್ಬುತ್ತದೆ, ಬೆಂಕಿಕಡ್ಡಿ ಹತ್ತುವುದಿಲ್ಲ, ಹಾಜರಿ ಪುಸ್ತಕದ ಮೇಲೆ ಶಾಯಿ ಹರಡಿ ಗೈರುಹಾಜರಿ ಯಾರದು, ಹಾಜರಿ ಯಾರದು ತಿಳಿಯುವುದಿಲ್ಲ. ಹಾಗಾಗಿ ಈ ಕಡೆಯವರು ಬೆಲೆಬಾಳುವುದನ್ನೆಲ್ಲ ಅಡುಗೆ ಒಲೆಯ ಮೇಲಿನ ಬಿದಿರಿನ ಅಟ್ಟದಲ್ಲಿ ಇಡುತ್ತಾರೆ. ಕೆಳಗೆ ದಿನವಿಡೀ ಬೆಂಕಿ ಉರಿಯುತ್ತದೆ, ಮೇಲೆ ಹೊಗೆಯೂ ಬಿಸಿಯೂ ತಾಗುತ್ತವೆ, ಬೂಷ್ಟು ಹತ್ತಿರ ಸುಳಿಯುವುದಿಲ್ಲ. ಪುಟ್ಟಮ್ಮನ ಅಟ್ಟದಲ್ಲಿ ಬಿತ್ತನೆ ಬೀಜ, ಏಲಕ್ಕಿ, ರೇಷನ್ ಕಾರ್ಡು ಎಲ್ಲ ಇದ್ದವು. ತಿಂಗಳು ಕಳೆಯುವುದರೊಳಗೆ ನನ್ನ ಶಿಕ್ಷಕಿ ತರಬೇತಿಯ ಟಿ.ಸಿ.ಎಚ್. ಸರ್ಟಿಫಿಕೇಟೂ ಬಿಸ್ಕತ್ತಿನ ಡಬ್ಬಿಯಲ್ಲಿ ಅಲ್ಲಿಗೇ ಏರಿತು. ಆ ದಿನ ನಾನೂ ಈ ಊರಿನವಳಾದೆ ಎಂದು ಹೆಮ್ಮೆಪಟ್ಟುಕೊಂಡಿದ್ದೆ.

ಎರಡು ಸಾವಿರದ ಇಸವಿ ದಾಟಿದ ಮೊದಲ ವರ್ಷಗಳು ಅವು. ಮೂಡಿಗೆರೆ ತಾಲ್ಲೂಕಿನಲ್ಲಿ, ಜಾವಳಿಯಿಂದ ಒಳಗೆ, ಬಸ್ಸು ಬಿಟ್ಟು ಜೀಪು ಹತ್ತಿ ಹೋಗಬೇಕಾದ ಒಂದು ಸರ್ಕಾರಿ ಶಾಲೆ ನನ್ನದು. ಪುಟ್ಟಮ್ಮನ ಮನೆಯ ಹಿಂದಿನ ಕೋಣೆಯಲ್ಲಿ ಒಂದು ಮಂಚ, ಒಂದು ಸೀಮೆಎಣ್ಣೆ ಸ್ಟೌ. ಜೋಳದ ಹಿಟ್ಟು ಊರಿನಿಂದ ತಂದದ್ದು ಹದಿನೈದು ದಿನಕ್ಕೆ ಮುಗ್ಗಲು ಹಿಡಿಯಿತು. ಅಕ್ಕಿ ರೊಟ್ಟಿಗೆ ನಾಲಗೆ ಬೇಗ ಹೊಂದಿಕೊಂಡಿತು, ಮನಸ್ಸಿಗೆ ಹೆಚ್ಚು ದಿನ ಬೇಕಾಯಿತು. ನಾನು "ಬರ್ರಿ, ಕುಂಡ್ರಿ" ಅಂದರೆ ಮಕ್ಕಳು ಬಾಯಿಗೆ ಕೈ ಅಡ್ಡ ಇಟ್ಟು ನಗುತ್ತಿದ್ದವು. ಭಾನುವಾರಗಳಲ್ಲಿ ಮಾತಾಡಲು ಯಾರೂ ಇಲ್ಲದೆ ಮಗ್ಗಿ ಹೇಳಿಕೊಂಡು ಕೂತದ್ದುಂಟು.

ಶಾಲೆಗೆ ಮೂರು ಕಂಪ್ಯೂಟರ್ ಬಂದಿದ್ದವು. ಹೆಡ್‌ಮಾಸ್ಟರು ಅವಕ್ಕೆ ಅರಿಶಿನ ಕುಂಕುಮ ಹಚ್ಚಿ, ಪ್ಲಾಸ್ಟಿಕ್ ಹೊದಿಸಿ, ಕೋಣೆಗೆ ಬೀಗ ಹಾಕಿದ್ದರು.

"ಮಕ್ಳು ಮುಟ್ಟಿ ಹಾಳಾದ್ರೆ ಯಾರು ಉತ್ರ ಕೊಡೋರು, ನೀವಾ?" ಎಂದರು.

"ಮುಟ್ಟಲಾರದ ಹಾಳಾದ್ರ ಯಾರು ಕೊಡ್ತಾರ್ರಿ ಸರ್?" ಎಂದೆ. ನನ್ನ ಬಾಯಿ ಸ್ವಲ್ಪ ಜೋರು. ಬೀಗದ ಕೈ ಸಿಕ್ಕಿತು.

ಚಿಕ್ಕಮಗಳೂರಿನ ತರಬೇತಿಯಲ್ಲಿ ನಮಗೆ ಹೇಳಿಕೊಟ್ಟದ್ದು ಸರಳವಾಗಿತ್ತು. ಮಕ್ಕಳು ತಮ್ಮ ಮನೆಯ ಒಂದು ತೊಂದರೆಯನ್ನು ಹುಡುಕಬೇಕು, ಅದನ್ನು ಕಳೆಯುವ ಒಂದು ವಸ್ತುವನ್ನು ಊಹಿಸಬೇಕು, ಕಂಪ್ಯೂಟರಿನಲ್ಲಿ ಬರೆಯಬೇಕು, ಸರಿ ಬರದಿದ್ದರೆ ಅಳಿಸಿ ಮತ್ತೆ ಬರೆಯಬೇಕು. ಮೊದಲ ವಾರ ಎಲ್ಲರೂ ಬಾವುಟ ಬರೆದರು. ಎರಡನೆಯ ವಾರ ಎರಡು ಗುಡ್ಡ, ನಡುವೆ ಸೂರ್ಯ. ಸೂರ್ಯನ ಮುಖವನ್ನೇ ನೋಡದ ಆ ಜುಲೈನಲ್ಲಿ ಇಪ್ಪತ್ತು ಸೂರ್ಯ! ತೊಂದರೆ ಏನು ಎಂದು ಕೇಳಿದರೆ ಸುಮ್ಮನೆ ನಿಲ್ಲುತ್ತಿದ್ದರು. ಮನೆಯ ಕಷ್ಟವನ್ನು ಟೀಚರ್ ಮುಂದೆ ಹೇಳಬಾರದು ಎಂದು ಅವರಿಗೆ ಕಲಿಸಿದ್ದರು, ನಮ್ಮಲ್ಲೂ ಕಲಿಸುವ ಹಾಗೆ.

ಏಳನೆಯ ತರಗತಿಯ ಸುಮತಿ ಮಾತ್ರ ಒಂದು ದಿನ ಮೆಲ್ಲಗೆ ಹೇಳಿದಳು. ಅವಳ ತಾಯಿ ಗಿರಿಜ ಕಾಫಿ ಎಸ್ಟೇಟಿನಲ್ಲಿ ಕೂಲಿ. ಲೈನ್ ಮನೆಯಲ್ಲಿ, ಎಂದರೆ ಕೂಲಿಯವರಿಗಾಗಿ ಸಾಲಾಗಿ ಕಟ್ಟಿದ ಒಂದೊಂದು ಕೋಣೆಯ ಮನೆಗಳಲ್ಲಿ ಅವರ ವಾಸ.

"ಹಣ್ಣು ಕುಯ್ಯೋ ಚೀಲನ ಅಮ್ಮ ಸೊಂಟಕ್ಕೆ ಕಟ್ಕೊಳ್ತಾಳೆ ಟೀಚರ್. ತುಂಬಿದ್ ಮೇಲೆ ಎತ್ತಿ ಮೂಟೆಗೆ ಸುರೀಬೇಕು. ಸಂಜೆ ಸೊಂಟ ನೆಟ್ಟಗೆ ಮಾಡಕ್ಕೆ ಆಗಲ್ಲ ಅವಳಿಗೆ."

ಮೂರು ವಾರ ಅವಳು ಆ ಚೀಲವನ್ನು ಬರೆದಳು. ಎರಡೂ ಹೆಗಲಿಗೆ ಪಟ್ಟಿ, ಚೀಲ ಎದೆಯ ಮುಂದೆ, ತಳದಲ್ಲಿ ಒಂದು ಬಾಯಿ. ಬದಿಯ ದಾರ ಎಳೆದರೆ ಬಾಯಿ ತೆರೆದು ಕಾಫಿ ಹಣ್ಣು ತಾನೇ ಮೂಟೆಗೆ ಇಳಿಯಬೇಕು. ಎತ್ತುವ ಕೆಲಸವೇ ಇಲ್ಲ. ದಾರವನ್ನು ಒಂದು ಬದಿಗೆ ಹಾಕಿದಳು, ಅಳಿಸಿದಳು, ಇನ್ನೊಂದು ಬದಿಗೆ ಹಾಕಿದಳು. ಮನೆಗೆ ಹೋಗಿ ತಾಯಿಯ ಕೈ ಓಡುವುದನ್ನು ನೋಡಿ ಬಂದು ಮತ್ತೆ ಅಳಿಸಿದಳು.

"ಎಷ್ಟು ಸಲ ತಪ್ಪು ಮಾಡಿದ್ರೂ ಇದು ಬೈಯಲ್ಲ ಅಲ್ವಾ ಟೀಚರ್?" ಎಂದಳು. ಹದಿನೈದು ವರ್ಷ ಊರ ಕಡೆ ಪಾಠ ಮಾಡಿ ಬಂದ ನನಗೆ ನಾಚಿಕೆಯಾಯಿತು.

ಆಗಸ್ಟಿನಲ್ಲಿ ಚಿಕ್ಕಮಗಳೂರಿನಲ್ಲಿ ಮಕ್ಕಳ ಕಂಪ್ಯೂಟರ್ ಚಿತ್ರಗಳ ಪ್ರದರ್ಶನವಿತ್ತು. ಆರಿಸಿದ ಮಕ್ಕಳಿಗೆ ಅಲ್ಲಿನ ಒಂದು ಹಾಸ್ಟೆಲ್ ಶಾಲೆಯಲ್ಲಿ ಮುಂದಿನ ವರ್ಷದಿಂದ ಜಾಗ. ಈ ಊರಿನಿಂದ ಹೈಸ್ಕೂಲು ದೂರ. ಏಳನೆಯದು ಮುಗಿದರೆ ಸುಮತಿ ತಾಯಿಯ ಜೊತೆ ಕೆಲಸಕ್ಕೆ ಎಂದು ಮೊದಲೇ ತೀರ್ಮಾನವಾಗಿತ್ತು. ಗಿರಿಜ ನನ್ನ ಹತ್ತಿರ ಬಂದು, "ಆರಿಸ್ಕೊಂಡ್ರೆ ಕಳಿಸ್ತೀನಿ ಟೀಚರ್, ಆಣೆ ಮಾಡಿ ಹೇಳ್ತೀನಿ" ಎಂದಳು. ಆಮೇಲೆ ನನಗೆ ಬೇರೆ ಯೋಚನೆಯೇ ಇರಲಿಲ್ಲ.

ಅಷ್ಟರಲ್ಲಿ ಕಂಪ್ಯೂಟರುಗಳಿಗೂ ಬೂಷ್ಟು ಹಿಡಿಯಿತು. ಒಂದು ಸತ್ತಿತು, ಇನ್ನೊಂದು ಬಿಕ್ಕಳಿಸತೊಡಗಿತು. ಮೂರನ್ನೂ ಮೂಡಿಗೆರೆಗೆ ರಿಪೇರಿಗೆ ಒಯ್ಯಬೇಕು, ಒಳಗಿರುವುದೆಲ್ಲ ಅಳಿಸಿಹೋಗುತ್ತದೆ ಎಂದರು. ಒಯ್ಯುವ ಮೊದಲು ಚಿತ್ರಗಳನ್ನೆಲ್ಲ ಎರಡು ಫ್ಲಾಪಿಗಳಿಗೆ ಇಳಿಸಿಕೊಂಡೆ. ಫ್ಲಾಪಿ ಎಂದರೆ ಅಂಗೈಯಗಲದ ಕಪ್ಪು ಬಿಲ್ಲೆ, ಚಿತ್ರಗಳನ್ನು ಕೂಡಿಡುವಂಥದ್ದು. ಒಂದರಲ್ಲಿ ಕಳೆದುಹೋದರೆ ಇನ್ನೊಂದರಲ್ಲಿ ಇರಲಿ ಎಂದು ಎರಡು. ಆ ಜಾಣತನ ಸಾಲದೆ ಹೋಯಿತು.

ಅದೇ ದಿನ ಮಳೆ ರಜೆ ಘೋಷಿಸಿದರು. ವಾರದ ಮಟ್ಟಿಗೆ ರೋಣಕ್ಕೆ ಹೊರಟೆ. ಜೀಪಿನ ಬಳಿ ಸುಮತಿ ನಿಂತಿದ್ದಳು.

"ಫ್ಲಾಪಿ ನಂಗೆ ಕೊಡ್ತೀರಾ ಟೀಚರ್? ಇದ್ರೊಳಗೆ ನಿನ್ ಚೀಲ ಇದೆ ಅಂತ ಅಮ್ಮಂಗೆ ತೋರಿಸ್ತೀನಿ."

ನನ್ನ ಕೋಣೆಯ ಗೋಡೆಗಳಲ್ಲಿ ನೀರು ಜಿನುಗುತ್ತಿತ್ತು. ಅವಳ ಕೈಯಲ್ಲೇ ಕ್ಷೇಮ ಎನ್ನಿಸಿ ಎರಡು ಫ್ಲಾಪಿಯನ್ನೂ ಕೊಟ್ಟೆ. "ಬೂಷ್ಟು ಹತ್ತಲಾರದಂಗ ಇಟ್ಕೋಬೇಕವ್ವಾ" ಎಂದೆ.

"ಒಲೆ ಅಟ್ಟದ ಮೇಲೆ ಇಡ್ತೀವಿ ಟೀಚರ್. ರೇಷನ್ ಕಾರ್ಡ್ ಪಕ್ಕ."

"ಹೂಂ, ಅದ ಚಲೋ" ಎಂದೆ.

ಹೌದು, ಹೂಂ ಎಂದವಳು ನಾನು. ಫ್ಲಾಪಿಗೆ ಬಿಸಿ ತಾಗಬಾರದು ಎಂದು ತರಬೇತಿಯಲ್ಲಿ ಎರಡೆರಡು ಸಲ ಹೇಳಿದ್ದರು, ನಾನು ಬರೆದುಕೊಂಡಿದ್ದೆ. ರೋಣದಲ್ಲಿ ಇದ್ದಿದ್ದರೆ ಬಿಸಿಲಿನ ನೆನಪಾಗಿ ಖಂಡಿತ ಬೇಡ ಅನ್ನುತ್ತಿದ್ದೆ. ಈ ಬೆಟ್ಟದವರಂತೆ ನಾನು ಯೋಚಿಸಿದ್ದು ಆ ಒಂದು ಗಳಿಗೆ. ಆ ಗಳಿಗೆಯಲ್ಲೇ ಎಲ್ಲ ಹೋಯಿತು.

ಪ್ರದರ್ಶನದ ಹಿಂದಿನ ದಿನ, ಚಿತ್ರ ಸರಿಯಾಗಿದೆಯೇ ಎಂದು ತೆರೆದು ನೋಡಲು, ಸುಮತಿಯನ್ನು ಕರೆದುಕೊಂಡು ಮೂಡಿಗೆರೆಯ ರಿಪೇರಿ ಅಂಗಡಿಗೆ ಹೋದೆ. ಗಿರಿಜ ಫ್ಲಾಪಿಗಳನ್ನು ತನ್ನ ಮದುವೆ ಸೀರೆಯ ಚೂರಿನಲ್ಲಿ ಸುತ್ತಿ ಕೊಟ್ಟಿದ್ದಳು. ಬಿಚ್ಚಿದರೆ ಹೊಗೆಯ ವಾಸನೆ. ಎರಡೂ ಹಪ್ಪಳದ ಹಾಗೆ ಸೊಟ್ಟಗಾಗಿದ್ದವು. ಅಂಗಡಿಯವನು ತಿರುಗಿಸಿ ನೋಡಿ, "ಇದನ್ನ ಒಲೆಗೆ ಹಾಕಿದ್ರಾ ಮೇಡಂ?" ಎಂದು ನಕ್ಕ. ನಂತರ ಹುಡುಗಿಯ ಮುಖ ನೋಡಿ ನಗು ನಿಲ್ಲಿಸಿದ. ಒಂದು ಫ್ಲಾಪಿ ಯಂತ್ರದೊಳಗೆ ಹೋಗಲೇ ಇಲ್ಲ. ಇನ್ನೊಂದನ್ನು ಒತ್ತಿ ತೂರಿಸಿದಾಗ ಕರಕರ ಎಂದು ಸದ್ದು ಮಾಡಿತು, ಅಷ್ಟೇ. ಇಲ್ಲೇ ಇನ್ನೊಮ್ಮೆ ಬರೆಯಲಿ, ಒಂದು ಗಂಟೆ ಕೊಡಪ್ಪಾ ಎಂದು ಬೇಡಿಕೊಂಡೆ. ಒಪ್ಪಿದ. ಅವಳು ಕುರ್ಚಿಯಲ್ಲಿ ಕೂತು ಎರಡು ಪಟ್ಟಿ ಎಳೆಯುವಷ್ಟರಲ್ಲಿ ಕರೆಂಟು ಹೋಯಿತು. ಲೈನಿನ ಮೇಲೆ ಮರ ಬಿದ್ದಿದೆ, ನಾಳೆ ಸಂಜೆ ತನಕ ಬರಲ್ಲ ಎಂದರು.

"ಹಾಳೀ ಮ್ಯಾಲರ ಬರಿ, ನಾ ಪ್ರದರ್ಶನದವರ ಕಾಲು ಹಿಡೀತೀನಿ" ಎಂದೆ. ಪೆನ್ಸಿಲ್ ಹಿಡಿದು ಬರೆದಳು, ಅಳಿಸಿದಳು. ಹಸಿ ಹಿಡಿದಿದ್ದ ಹಾಳೆ ರಬ್ಬರಿನ ಜೊತೆಗೇ ಕಿತ್ತುಬಂತು. ಪೆನ್ಸಿಲನ್ನು ಮೇಜಿನ ಮೇಲಿಟ್ಟು ಎದ್ದು ನಿಂತಳು. "ಹೋಗಣ ಟೀಚರ್, ಜೀಪು ಹೊರಡುತ್ತೆ."

ಗಿರಿಜ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಬದಲಿಗೆ ಅವಳೇ ಅತ್ತು, "ನಾನು ಇನ್ನೂ ಮೇಲಿನ ಸಾಲಲ್ಲಿ ಇಡ್ಬೇಕಿತ್ತು" ಎಂದಳು. ತಪ್ಪು ಅವಳದಲ್ಲ, ನಾನೇ ಹೂಂ ಅಂದದ್ದು ಎಂದು ಹೇಳಿದೆ. ಹೇಳಿ ಏನಾಗಬೇಕಿತ್ತು? ಪ್ರದರ್ಶನಕ್ಕೆ ನಾವು ಹೋಗಲಿಲ್ಲ, ಏಪ್ರಿಲ್‌ನಲ್ಲಿ ಸುಮತಿಯ ಶಾಲೆ ಮುಗಿಯಿತು. ರಿಪೇರಿಯಾಗಿ ಬಂದ ಕಂಪ್ಯೂಟರುಗಳಿಗೆ ಹೆಡ್‌ಮಾಸ್ಟರು ಮತ್ತೆ ಬೀಗ ಹಾಕಿದರು. ಈ ಸಲ ನಾನು ಬೀಗದ ಕೈ ಕೇಳಲಿಲ್ಲ.

ಕೆಲವು ವರ್ಷ ಕಳೆದು, ಮೊನ್ನೆ ಜನವರಿಯಲ್ಲಿ, ಕೊಯ್ಲಿನ ಕಾಲದಲ್ಲಿ, ಎಸ್ಟೇಟಿನ ಬೇಲಿ ಪಕ್ಕ ನಡೆದು ಬರುತ್ತಿದ್ದೆ. ಗಿಡಗಳ ನಡುವಿನಿಂದ ಸುಮತಿ "ಟೀಚರ್" ಎಂದು ಕೂಗಿದಳು. ಸೊಂಟಕ್ಕೆ ಚೀಲ ಕಟ್ಟಿಕೊಂಡಿದ್ದಳು. ತಾಯಿಯದೇ ಥರದ ಚೀಲ.

"ಊರಿಗೆ ವರ್ಗ ಕೇಳಿದೀರಂತೆ, ಹೌದಾ ಟೀಚರ್?"

"ಅರ್ಜಿ ಬರದೀನವ್ವಾ. ಇನ್ನೂ ಕೊಟ್ಟಿಲ್ಲ."

ಕುಯ್ದ ಹಣ್ಣನ್ನು ಚೀಲಕ್ಕೆ ಹಾಕಿಕೊಂಡಳು. ಆಮೇಲೆ ಕೇಳಿದಳು: "ಟೀಚರ್, ನನ್ ಚಿತ್ರದಲ್ಲಿ ಆ ದಾರ ಕೊನೇಗೆ ಎಡಕ್ಕೆ ಇಟ್ಟಿದ್ನಾ, ಬಲಕ್ಕಾ? ಅದಕ್ಕೇನೋ ಕಾರಣ ಇತ್ತು. ಈಗ ಎಷ್ಟು ಯೋಚ್ನೆ ಮಾಡಿದ್ರೂ ಬರ್ತಿಲ್ಲ."

ಮೂರು ವಾರ ಅವಳ ಬೆನ್ನ ಹಿಂದೆಯೇ ನಿಂತಿದ್ದವಳು ನಾನು. ಪಟ್ಟಿಯ ಕೆಂಪು ಬಣ್ಣ ನೆನಪಿದೆ, ಅವಳ ಜಡೆಯ ರಿಬ್ಬನ್ ನೆನಪಿದೆ. ದಾರ ನೆನಪಿಲ್ಲ.

"ನನಗೂ ನೆನಪಿಲ್ಲವ್ವಾ" ಎಂದೆ.

"ಹೋಗ್ಲಿ ಬಿಡಿ" ಎಂದು ಮತ್ತೆ ಗಿಡದ ಕಡೆ ತಿರುಗಿದಳು.

ವರ್ಗದ ಅರ್ಜಿ ಪುಟ್ಟಮ್ಮನ ಅಟ್ಟದ ಮೇಲಿನ ಡಬ್ಬಿಯಲ್ಲಿದೆ. ರೋಣದಲ್ಲಿ ಅವ್ವ ದಿನ ಎಣಿಸುತ್ತಿದ್ದಾಳೆ, ನನಗೂ ಆ ಒಣ ನೆಲದ ಮೇಲೆ ಕಾಲಿಡುವ ಆಸೆ ಜೀವ ಹಿಂಡುವಷ್ಟಿದೆ. ಆದರೆ ಆ ಚಿತ್ರದ ಸೂಕ್ಷ್ಮಗಳನ್ನು ನೋಡಿದವರು ಲೋಕದಲ್ಲಿ ನಾವಿಬ್ಬರೇ. ಇಬ್ಬರೂ ಅರ್ಧ ಮರೆತಿದ್ದೇವೆ. ನಾನು ಹೊರಟುಹೋದರೆ, ಆ ದಾರ ಯಾವ ಕಡೆ ಇತ್ತೆಂದು ಕೇಳಲು ಸುಮತಿಗೆ ಇಲ್ಲಿ ಯಾರೂ ಇರುವುದಿಲ್ಲ.